ಅಂಬೇವಾಡಿಗೆ ಸೆಲರಿ ಬಂದದ್ದು

ಧಾರವಾಡದಲ್ಲಿ ಗೃಹವಿಜ್ಞಾನ ಓದಿ, ಮದುವೆಯಾಗಿ ದಾಂಡೇಲಿಗೆ ಬಂದ ಹೊಸತರಲ್ಲಿ, ಅಡುಗೆಮನೆಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ನಂಬಿದವಳು ನಾನೊಬ್ಬಳೇ ಅಲ್ಲ. ಊರಂಚಿನ ಅಂಬೇವಾಡಿಯ ನಮ್ಮ ಚಾಳಿನಲ್ಲಿ ಯಾರ ಮನೆಯ ಹಾಲು ಒಡೆದರೂ, ಯಾರ ಉಪ್ಪಿನಕಾಯಿಗೆ ಬೂಷ್ಟು ಹಿಡಿದರೂ ನನ್ನನ್ನು ಕರೆಯುತ್ತಿದ್ದರು. ನಾನು ಹೋಗಿ, ಬಗ್ಗಿ ನೋಡಿ, ಗಂಭೀರವಾಗಿ 'ಬ್ಯಾಕ್ಟೀರಿಯಾ' ಎನ್ನುತ್ತಿದ್ದೆ. ಅವರು ತಲೆದೂಗಿ ಅದನ್ನು ಚೆಲ್ಲುತ್ತಿದ್ದರು. ಅದಕ್ಕಿಂತ ಹೆಚ್ಚಿನ ಉಪಕಾರ ನನ್ನಿಂದ ಯಾರಿಗೂ ಆದಂತಿಲ್ಲ. ಆದರೂ ಹೆಸರು ಬೆಳೆದಿತ್ತು.

ನನ್ನ ಗಂಡ ಬಸವರಾಜ ಕಾಗದದ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗದಲ್ಲಿದ್ದರು. ಅವರು ಪಾಳಿಗೆ ಹೋದರೆ ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆ ಹಳಿಯಾಳದ ಹತ್ತಿರದ ಹಳ್ಳಿಯವರು. ಓದಿದ ಸೊಸೆಯ ಬಗ್ಗೆ ಅವರಿಗೆ ಗೌರವವೂ ಇತ್ತು, ಸ್ವಲ್ಪ ಮರುಕವೂ ಇತ್ತು. ನನ್ನ ಪದವಿಯ ಕಾಗದ ಟ್ರಂಕಿನಲ್ಲಿ, ಮದುವೆಯ ರೇಷ್ಮೆ ಸೀರೆಯ ಕೆಳಗೆ ಮಲಗಿತ್ತು. ನಮ್ಮಪ್ಪ ಬಂಧುಬಳಗದ ಮಾತು ಕೇಳದೆ ನನ್ನನ್ನು ಓದಿಸಿದವರು. ತವರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು, 'ಅಷ್ಟ ಓದಿ ಏನ ಮಾಡಿದಿ?' ಎಂದು ಅವರ ಎದುರಿಗೇ ಕೇಳುತ್ತಿದ್ದರು. ಅಪ್ಪ ಆಗ ಎದ್ದು, ಬಾವಿಯ ಕಡೆಗೆ ಏನೋ ಕೆಲಸವಿದ್ದಂತೆ ಹೋಗುತ್ತಿದ್ದರು. ಅದಕ್ಕಾಗಿಯಾದರೂ ನನಗೊಂದು ಕೆಲಸ ಬೇಕಿತ್ತು.

ಅಂಥ ಹೊತ್ತಿಗೆ, ಕಾರ್ಖಾನೆಯ ಮಹಿಳಾ ಕ್ಲಬ್ಬಿನವರು ಹೆಂಗಸರಿಗಾಗಿ ಹೊಲಿಗೆ ಮತ್ತು ಅಡುಗೆಯ ತರಗತಿ ತೆರೆಯುತ್ತಾರೆಂಬ ಸುದ್ದಿ ಬಂತು. ಕ್ಲಬ್ಬಿನ ಅಧ್ಯಕ್ಷೆ ಮ್ಯಾನೇಜರರ ಹೆಂಡತಿ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಬೆಳಗಾವಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು. ಅಡುಗೆ ಕಲಿಸಲು ನಾನು ಅರ್ಜಿ ಹಾಕಿದ ಮೇಲೆ, ಒಂದು ಮಂಗಳವಾರ ನನ್ನನ್ನು ಬಂಗಲೆಗೆ ಕರೆಸಿದರು.

"ಶಕುಂತಲಾ, ನಿಮಗ ಸೆಲರಿ ಗೊತ್ತೈತೇನು?" ಎಂದು ಕೇಳಿದರು.

"ಗೊತ್ತೈತ್ರಿ" ಎಂದೆ.

ಸುಳ್ಳಲ್ಲ. ಪಠ್ಯಪುಸ್ತಕದಲ್ಲಿ ತರಕಾರಿಗಳ ಅಧ್ಯಾಯದಲ್ಲಿ ಆ ಹೆಸರಿತ್ತು. ಪಕ್ಕದಲ್ಲಿ ಕಪ್ಪು ಶಾಯಿಯ ಚಿತ್ರವೊಂದಿತ್ತು. ಚಿತ್ರ ಕೊಂಚ ಕಸಬರಿಗೆಯ ಹಾಗೆ ಕಾಣುತ್ತಿತ್ತೆಂದು ನೆನಪು. ಪರೀಕ್ಷೆಗೆ ಬರುವುದಿಲ್ಲವೆಂದು ನಮ್ಮ ಗುರುಗಳು ಆ ಪುಟ ಬಿಡಿಸಿದ್ದರು.

ಮೇಡಂ ವಿವರಿಸಿದರು. ಹೊಸ ಯಂತ್ರ ಜೋಡಿಸಲು ವಿದೇಶದಿಂದ ಇಬ್ಬರು ಎಂಜಿನಿಯರರು ಬಂದಿದ್ದಾರೆ, ಅವರಲ್ಲಿ ಹಿರಿಯರ ಹೆಂಡತಿಯೂ ಬಂದಿದ್ದಾರೆ. ಶನಿವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ಅವರಿಗೆ ಊಟ. ಬಂದಾಗಿನಿಂದ ಆ ಹಿರಿಯರು ನಮ್ಮ ಖಾರಕ್ಕೆ ಹೆದರಿ ಬಾಳೆಹಣ್ಣಿನ ಮೇಲೆಯೇ ಇದ್ದಾರೆ. ಅವರಿಗೆ ಬಹಳ ಇಷ್ಟವಾದದ್ದು ಸೆಲರಿ. ಮೇಡಂ ಅವರ ತಮ್ಮ ಅದನ್ನು ಮುಂಬಯಿಯಿಂದ ಕಳಿಸುತ್ತಿದ್ದಾನೆ. ಆದರೆ ಕ್ಲಬ್ಬಿನ ಫ್ರಿಜ್ ಕೆಟ್ಟಿದೆ, ಬಂಗಲೆಯಲ್ಲಿ ಫ್ರಿಜ್ ಇಲ್ಲ, ಮೇಡಂ ಅವರೇ ಹಲ್ಲು ತೋರಿಸಲು ಬೆಳಗಾವಿಗೆ ಹೊರಟಿದ್ದಾರೆ.

"ನೀವು ಹೋಮ್ ಸೈನ್ಸ್ ಓದಿದವರು. ಮನ್ಯಾಗ ಇಟಗೊಂಡು, ಶನಿವಾರ ತಯಾರ ಮಾಡಿ ತರ್ರಿ. ಫ್ರೆಶ್ ಇರಬೇಕು. ಅಷ್ಟ ಆತಂದ್ರ ಅಡಿಗಿ ಕ್ಲಾಸು ನಿಮ್ಮದು ಅಂತ ತಿಳೀರಿ."

ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ.

ಮರುದಿನ ಜೀಪು ಬಂತು. ಡ್ರೈವರ್ ಹುಸೇನಸಾಬರು ಒದ್ದೆ ಗೋಣಿ ಸುತ್ತಿದ ಬುಟ್ಟಿಯೊಂದನ್ನು ನಮ್ಮ ಹೊಸ್ತಿಲಲ್ಲಿ ಇಳಿಸಿ, "ಬಾಯಾರ, ಮೇಡಂ ಅವರ ಸೆಲರಿ" ಎಂದು ಹೇಳಿ ಹೋದರು. ಒಳಗಿದ್ದ ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅತ್ತೆ ಪಕ್ಕದ ಮನೆಯ ಮರಿಯಾಬಾಯಿಗೆ ಸುದ್ದಿ ಕೊಟ್ಟಾಗಿತ್ತು.

"ನಮ್ಮ ಸೊಸಿ ಇನ್ನ ಕೆಲಸಕ್ಕ ಹೋಗೇ ಇಲ್ಲ, ಸ್ಯಾಲರಿ ಮನೀಗೆ ಬಂತು ನೋಡು."

ಮರಿಯಾಬಾಯಿ ಹಳಿಯಾಳ ಕಡೆಯ ಸಿದ್ದಿ ಕ್ರಿಶ್ಚಿಯನ್ ಹೆಂಗಸು. ಗಂಡ ಕಾರ್ಖಾನೆಯ ಬಿದಿರಿನ ಅಂಗಳದಲ್ಲಿ ಕೆಲಸಕ್ಕಿದ್ದ. ಆಕೆ ಎಮ್ಮೆ ಕಟ್ಟಿ ಚಾಳಿಗೆಲ್ಲ ಹಾಲು ಹಾಕುತ್ತಿದ್ದಳು. ಬುಟ್ಟಿಯನ್ನು ನೋಡಿ, "ಬುಟ್ಟಿ ತುಂಬ ಕೊಟ್ಟಾರಲ್ಲ" ಎಂದು ಬೆರಗಾಗಿ ನಿಂತಳು. ನಾನು ಗೋಣಿ ಬಿಚ್ಚಿದೆ. ಇಬ್ಬರೂ ಬಗ್ಗಿದರು.

ನಸುಹಸಿರು ಬಣ್ಣದ, ಹೆಬ್ಬೆರಳಿಗಿಂತ ದಪ್ಪದ ದಂಟುಗಳು. ಒಂದಕ್ಕೊಂದು ಅಪ್ಪಿಕೊಂಡು ಬುಡದಲ್ಲಿ ಒಂದಾಗಿದ್ದವು. ತುದಿಯಲ್ಲಿ ಕೊತ್ತಂಬರಿಯ ಹಾಗೆ ಕಾಣುವ, ಆದರೆ ಕೊತ್ತಂಬರಿಯಲ್ಲದ ಎಲೆಗಳು. ಕಸಬರಿಗೆಯ ಹೋಲಿಕೆ ಎಲ್ಲೂ ಇರಲಿಲ್ಲ. ಅತ್ತೆ ಒಂದು ಎಲೆ ಹೊಸಕಿ ಮೂಸಿದರು.

"ಅಜವಾನದ ವಾಸನಿ ಬರತೈತಿ. ಇದು ಬಾಣಂತೇರ ಔಷಧ. ಫಾರಿನ್ನಿಂದ ಬಂದಾಕಿಗೆ ದಿನಾ ತುಂಬ್ಯಾವೇನು?"

"ಅಲ್ರಿ ಅತ್ಯಾರ. ಗಂಡಸರು ತಿನ್ನೂದು."

"ಗಂಡಸರಿಗೆ ಬಾಣಂತೇರ ಔಷಧ ಯಾಕ?"

ನನಗೆ ಗೊತ್ತಿರಲಿಲ್ಲ. "ಅದರಾಗ ಜೀವಸತ್ವ ಇರತಾವ" ಎಂದೆ. ಗೊತ್ತಿಲ್ಲದ ಕಡೆ ಜೀವಸತ್ವ ಹೇಳಿದರೆ ಸಾಮಾನ್ಯವಾಗಿ ಮಾತು ಮುಗಿಯುತ್ತಿತ್ತು. ಅಂದೂ ಮುಗಿಯಿತು.

ಇನ್ನು ಇಡುವ ಪ್ರಶ್ನೆ. ಅತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಚ್ಚಲಲ್ಲಿ ಹಂಡೆಯ ಪಕ್ಕ ಇಟ್ಟರು, ಅಲ್ಲಿ ಸದಾ ತೇವವಿರುತ್ತದೆಂದು. ಆದರೆ ಹಂಡೆಯ ಕೆಳಗೆ ಉರಿ ಹಾಕುತ್ತಾರೆ ಎಂಬುದು ಸಂಜೆಗೆ ನೆನಪಾಗಿ, ಓಡಿ ಹೋಗಿ ತೆಗೆದೆ. ಒಂದು ಮಗ್ಗುಲು ಆಗಲೇ ಬಾಡಿತ್ತು. ಮಲ್ಲಿಗೆಯ ದಂಡೆಯನ್ನು ಗಡಿಗೆಯ ಮೇಲೆ ಇಡುತ್ತೇವಲ್ಲ, ಹಾಗೆ ಇಡೋಣವೆಂದರೆ ಇದು ದಂಡೆಯಲ್ಲ, ಗದೆ. ಕೊನೆಗೆ ಸಸ್ಯಕ್ಕೆ ಬುಡದಿಂದ ನೀರು ಬೇಕೆಂಬ ವೈಜ್ಞಾನಿಕ ತತ್ತ್ವವನ್ನು ಅನುಸರಿಸಿ ಮನೆಯಲ್ಲಿದ್ದ ಅತಿ ಎತ್ತರದ ಪಾತ್ರೆಯಲ್ಲಿ ನಿಲ್ಲಿಸಿದೆ. ಅದು ನಾವು ಕುಡಿಯುವ ನೀರಿನ ತಾಮ್ರದ ಕೊಡ.

ಪಾಳಿ ಮುಗಿಸಿ ಬಂದ ನನ್ನವರು ಸೆಕೆಗೆ ದೊಡ್ಡ ಚಂಬು ತುಂಬ ನೀರು ಕುಡಿದರು. ಕುಡಿದು ಚಂಬಿನೊಳಗೆ ನೋಡಿದರು. ನನ್ನನ್ನು ನೋಡಿದರು.

"ನನಗ ಹೊಟ್ಟಿ ಕೆಟ್ಟೈತಿ ಅಂತ ಯಾರ ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ."

"ಮತ್ತ ಅಜವಾನದ ಕಷಾಯ ಯಾಕ ಮಾಡಿದಿ?"

ಕೊಡದತ್ತ ತೋರಿಸಿದೆ. ಕೊಡದ ಬಾಯಿಯಿಂದ ತಲೆ ಎತ್ತಿ ನಿಂತ ಸೆಲರಿಯನ್ನು ಅವರು ಸುತ್ತಲೂ ತಿರುಗಿ ನೋಡಿದರು. ಆಮೇಲೆ ಹೋಗಿ ಮಲಗಿದರು.

ಗುರುವಾರ ಬೆಳಿಗ್ಗೆ ಇನ್ನೊಂದು ಸಂಶಯ ಹುಟ್ಟಿತು. ಇದರಲ್ಲಿ ತಿನ್ನುವುದು ಯಾವುದು? ಎಲೆಯೋ, ದಂಟೋ, ಬುಡವೋ? ಮೇಡಂ 'ತಯಾರ ಮಾಡಿ' ಎಂದಿದ್ದರು, ಏನು ತಯಾರಿಸಬೇಕೆಂದು ನಾನು ಕೇಳಿರಲಿಲ್ಲ. ಗೊತ್ತೈತ್ರಿ ಎಂದ ಮೇಲೆ ಹೇಗೆ ಕೇಳುವುದು? ಅತ್ತೆಯ ಹತ್ತಿರ ಕೂತು ತರ್ಕ ಮಾಡಿದೆ. ಮೆಂತ್ಯದಲ್ಲಿ ಎಲೆ ಇಟ್ಟು ದಂಟು ಒಗೆಯುತ್ತೇವೆ. ಪುಂಡಿಪಲ್ಲೆಯಲ್ಲೂ ಹಾಗೆಯೇ. ಕೊತ್ತಂಬರಿಯಲ್ಲಿ ಎಳೆಯ ದಂಟು ಮಾತ್ರ. ಹಾಗಾದರೆ ಇಷ್ಟು ದಪ್ಪ ದಂಟು?

"ಇದು ದನದ ಪಾಲು" ಎಂದು ಅತ್ತೆ ತೀರ್ಪು ಕೊಟ್ಟರು.

"ಹೌದ್ರಿ. ಇದರಾಗ ಬರೇ ನಾರು" ಎಂದು ನಾನು ವಿಜ್ಞಾನದ ಮುದ್ರೆ ಒತ್ತಿದೆ.

ಇಬ್ಬರೂ ಮೊರ ಇಟ್ಟುಕೊಂಡು ಕೂತು ಎಲೆಗಳನ್ನೆಲ್ಲ ಬಿಡಿಸಿದೆವು. ಅಷ್ಟು ದೊಡ್ಡ ಗಂಟಿನಿಂದ ಬಂದದ್ದು ಎರಡು ಬೊಗಸೆ ಎಲೆ. ಇಷ್ಟು ಸ್ವಲ್ಪ ಎಲೆಗಾಗಿ ಮುಂಬಯಿಯಿಂದ ಇಷ್ಟೊಂದು ಕಸ ಹೊತ್ತು ತಂದರಲ್ಲ ಎಂದು ಅತ್ತೆ ದೊಡ್ಡವರ ದಡ್ಡತನಕ್ಕೆ ನಕ್ಕರು. ನಾನೂ ನಕ್ಕೆ. ದಂಟುಗಳನ್ನು ಮರಿಯಾಬಾಯಿಯ ಎಮ್ಮೆಯ ಮುಂದೆ ಹಾಕಿದೆವು. ಎಮ್ಮೆ ಮೊದಲು ಮೂಸಿ ಹಿಂದೆ ಸರಿಯಿತು. ಯೋಚಿಸಿತು. ಆಮೇಲೆ ಕಟಕಟ ಎಂದು ಎಲ್ಲವನ್ನೂ ತಿಂದಿತು. ಅದು ತಿನ್ನುವ ಸದ್ದು ಕೇಳಲು ಹಿತವಾಗಿತ್ತು.

ಸಂಜೆ ಹುಸೇನಸಾಬರು ಬಂದರು.

"ಬಾಯಾರ, ಮೇಡಂ ಬೆಳಗಾಂವ್‌ದಿಂದ ಆಫೀಸಿಗೆ ಫೋನ್ ಮಾಡಿದ್ರು. ನಿಮಗ ಗೊತ್ತ ಇರತೈತಿ ಅಂದ್ರು, ಆದ್ರೂ ಒಂದ ಮಾತ ಹೇಳಿಬಾ ಅಂದಾರ. ದಂಟು ಮುರೀಬಾರದಂತ. ನಾರು ತಗದು, ಉದ್ದುದ್ದ ಹೆಚ್ಚಿ, ಟೇಬಲ್ ಮ್ಯಾಲೆ ಎತ್ತರದ ಗ್ಲಾಸಿನಾಗ ನೀರ ಹಾಕಿ ನಿಂದ್ರಸಬೇಕಂತ. ಅವರು ಹಸೀದ ಉಪ್ಪ ಹಚ್ಚಿ ತಿಂತಾರಂತ."

"ಎಲಿ?" ಎಂದೆ.

"ಎಲಿ ಕಸಕ್ಕ ಒಗದ್ರ ನಡೀತೈತಿ ಅಂದಾರ."

ಅವರು ಹೋದ ಮೇಲೆ ನಾನು ಗೋಡೆಗೆ ಒರಗಿ ಕೂತೆ. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಮೇಡಂ ಅಲ್ಲ, ಬಾವಿಯ ಕಡೆಗೆ ನಡೆದು ಹೋಗುವ ನಮ್ಮಪ್ಪನ ಬೆನ್ನು. ಅಷ್ಟರಲ್ಲಿ ಮರಿಯಾಬಾಯಿ ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದಳು.

"ಬಾಯೋರ, ನೀವು ಎಮ್ಮಿಗೆ ಏನ ಹಾಕಿದ್ರಿ? ಹಾಲು ಔಷಧದಂಗ ನಾರತೈತಿ. ಮೂರ ಮನ್ಯಾಗ ಚಹಾ ಚೆಲ್ಯಾರ. ಬ್ಯಾಕ್ಟೀರಿಯಾ ಐತೇನ ನೋಡ ಬರ್ರಿ."

ನಾನು ಹೋಗಿ, ಬಗ್ಗಿ ನೋಡಿ, ಇಲ್ಲ ಎಂದು ಬಂದೆ.

ಪಾಳಿಯಿಂದ ಬಂದ ನನ್ನವರಿಗೆ ಎಲ್ಲವನ್ನೂ ಹೇಳಿದೆ. ಅವರು ಉಳಿದ ಎಲೆಯೊಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

"ಈ ವಾಸನಿ ನಾ ಎಲ್ಲೋ ನೋಡೀನಿ. ಹಾಂ. ಮುಂಡಗೋಡದಾಗ. ಹೋದ ಚಳಿಗಾಲದಾಗ ಸ್ವೆಟರ್ ತರಾಕ ಟಿಬೆಟನ್ ಕಾಲೊನಿಗೆ ಹೋಗಿದ್ನಲ್ಲ, ಅಲ್ಲೆ ಒಬ್ಬರ ಮನ್ಯಾಗ ಸೂಪು ಕೊಟ್ಟಿದ್ರು. ಅದರಾಗ ಇದ ವಾಸನಿ ಇತ್ತು."

ಒಳಗಿನಿಂದ ಅತ್ತೆಯ ದನಿ ಬಂತು. "ಬಸೂ, ನೀ ಅಲ್ಲಿ ಏನ ತಿಂದಿ?"

"ನೀರ, ಯವ್ವಾ. ಬಿಸಿ ನೀರ."

ಶುಕ್ರವಾರ ಅವರಿಗೆ ವಾರದ ರಜೆ. ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಹಳಿಯಾಳದಲ್ಲಿ ಬಸ್ಸು ಬದಲಿಸಿ, ಕಲಘಟಗಿ ಸುತ್ತಿ, ಮುಂಡಗೋಡ ಮುಟ್ಟಿ, ಅಲ್ಲಿಂದ ಎತ್ತಿನ ಗಾಡಿಯೊಂದರಲ್ಲಿ ಗೋವಿನಜೋಳದ ಹೊಲಗಳ ನಡುವೆ ಕಾಲೊನಿಗೆ ಹೋದೆವು. ಸೂಪು ಕುಡಿದ ಮನೆ ಯಾವುದೆಂದು ನನ್ನವರಿಗೆ ತಿಳಿಯಲಿಲ್ಲ. ಎಲ್ಲ ಮನೆಗಳ ಮುಂದೆಯೂ ಬಣ್ಣದ ಬಾವುಟಗಳು, ಎಲ್ಲ ಮನೆಗಳ ಮುಂದೆಯೂ ನಾಯಿ. ಕೊನೆಗೆ ನಾಯಿ ಬೊಗಳದ ಮನೆಯನ್ನು ಆರಿಸಿಕೊಂಡೆವು.

ಪಟ್ಟೆಪಟ್ಟೆಯ ಬಟ್ಟೆ ಸೊಂಟಕ್ಕೆ ಕಟ್ಟಿದ ಅಜ್ಜಿಯೊಬ್ಬರು ಹೊರಗೆ ಬಂದರು. ಅವರಿಗೆ ಕನ್ನಡ ಬಾರದು, ಹಿಂದಿ ಅಷ್ಟಿಷ್ಟು. ನನ್ನದೂ ಪರೀಕ್ಷೆಯ ಹಿಂದಿ. ನಾನು ಕರವಸ್ತ್ರದಿಂದ ಬಾಡಿದ ಎಲೆ ತೆಗೆದು ತೋರಿಸಿ, ನಿಮ್ಮಲ್ಲಿ ಇದನ್ನು ತಿನ್ನುತ್ತೀರಾ ಎಂಬರ್ಥದಲ್ಲಿ ಎಲೆಯನ್ನೂ ಬಾಯಿಯನ್ನೂ ತೋರಿಸಿದೆ. ಅಜ್ಜಿ ಎಲೆ ನೋಡಿದರು. ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ಬಂದಂತಾಯಿತು. ಕೈ ಹಿಡಿದು ಒಳಗೆ ಕರೆದೊಯ್ದು ಇಬ್ಬರನ್ನೂ ಕೂಡಿಸಿದರು.

"ಏನ ತಿಳಕೊಂಡ್ರು ಇವರು?" ಎಂದು ಪಿಸುಗುಟ್ಟಿದೆ.

"ಹಸದು ಎಲಿ ತಿಂದು ಬದಕೇವಿ ಅಂತ ತಿಳಕೊಂಡಾರ" ಎಂದರು ನನ್ನವರು.

ದೊಡ್ಡ ಬಟ್ಟಲುಗಳಲ್ಲಿ ಬಿಸಿ ಸಾರು ಬಂತು. ಒಳಗೆ ದಪ್ಪ ಶಾವಿಗೆ, ಮೇಲೆ ತೇಲುವ ಹಸಿರು ಚೂರುಗಳು. ಅದೇ ವಾಸನೆ. ನನಗೆ ಸಂತೋಷವೂ ಆಯಿತು, ಭಯವೂ ಆಯಿತು. ನಾವು ಲಿಂಗಾಯತರು, ಇದರಲ್ಲಿ ಏನಿದೆಯೋ. ಧೈರ್ಯ ಮಾಡಿ, "ಮಾಂಸ ಹೈ?" ಎಂದೆ. ಅಜ್ಜಿಯ ಮುಖ ಸಪ್ಪಗಾಯಿತು. ಎರಡೂ ಕೈ ಅಲ್ಲಾಡಿಸಿ, "ಆಜ್ ನಹೀ, ಆಜ್ ನಹೀ" ಎಂದು ಕ್ಷಮೆ ಕೇಳುವಂತೆ ಹೇಳಿದರು. ಕೇಳಿ ತಿನ್ನುವ ಅತಿಥಿಗೆ ಮಾಂಸ ಬಡಿಸಲಾಗಲಿಲ್ಲವಲ್ಲ ಎಂಬ ಸಂಕಟ ಅವರಿಗೆ. ನಾವು ನೆಮ್ಮದಿಯಿಂದ ಬಟ್ಟಲು ಖಾಲಿ ಮಾಡಿದೆವು. ಅವರು ಮತ್ತೆ ತುಂಬಿದರು.

ಉಂಡ ಮೇಲೆ ನಾನು ತೇಲುತ್ತಿದ್ದ ಹಸಿರನ್ನು ಬೆರಳಿನಿಂದ ಎತ್ತಿ ತೋರಿಸಿ, ನೆಲ ಅಗೆಯುವ ಹಾಗೆ ಮಾಡಿದೆ. ಈ ಸಲ ಅರ್ಥವಾಯಿತು. ಹಿತ್ತಿಲಿಗೆ ಕರೆದೊಯ್ದರು. ಬಚ್ಚಲ ನೀರು ಹರಿಯುವ ಕಡೆ ಒಂದು ಮಡಿಯ ತುಂಬ ಹಸಿರು ಗಿಡ. ವಾಸನೆ ಅದೇ. ಎಲೆಯೂ ಅದೇ ಜಾತಿ. ಆದರೆ ದಂಟು ಪೆನ್ಸಿಲಿಗಿಂತ ಸಣ್ಣ.

"ಇದು ಅದ ಹೌದೇನು?" ಎಂದರು ನನ್ನವರು.

ನಾನು ಕಣ್ಣು ಮುಚ್ಚಿ ಮೂಸಿದರೆ ಹೌದು, ಕಣ್ಣು ತೆರೆದರೆ ಅಲ್ಲ. "ಅದರ ತಮ್ಮ ಇರಬೇಕ್ರಿ" ಎಂದೆ. ಬೇರೆ ದಾರಿ ಇರಲಿಲ್ಲ. ಅಜ್ಜಿ ಬೇರುಸಹಿತ ದೊಡ್ಡ ಹೊರೆ ಕಿತ್ತು ಕೊಟ್ಟರು. ಕೈಮುಗಿದರೆ ನನ್ನ ತಲೆ ಸವರಿ, ದಾರಿಗೆಂದು ಒಂದು ರೊಟ್ಟಿಯನ್ನೂ ಕೊಟ್ಟರು.

ಈ ಸಲ ಕಾಪಾಡುವ ಕೆಲಸದಲ್ಲಿ ತಪ್ಪಬಾರದೆಂದು ಮುಂಡಗೋಡದ ಅಂಗಡಿಯಲ್ಲಿ ಖಾಲಿ ತಗಡಿನ ಡಬ್ಬಿ ಬೇಡಿ, ನೀರು ತುಂಬಿ, ಹೊರೆಯನ್ನು ಅದರಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ಮೊದಲ ಗುಂಡಿಗೇ ನೀರು ಹಾರಿ ಪಕ್ಕದ ಹಿರಿಯರ ಬಿಳಿ ಧೋತರದ ಮೇಲೆ ಬಿತ್ತು. ಅವರು ಸಿಟ್ಟಾಗಲಿಲ್ಲ, ಕುತೂಹಲಗೊಂಡರು.

"ಇದೇನ ಸಸಿ, ತಂಗಿ?"

"ಸೆಲರಿ ಅಂತ್ರಿ."

"ಯಾವ ರೋಗಕ್ಕ?"

ನಾನು ಸುಮ್ಮನಿರಬೇಕಿತ್ತು. ಆದರೆ ಕೇಳಿದವರಿಗೆ ತಿಳಿಸುವುದು ಓದಿದವರ ಕರ್ತವ್ಯವೆಂದು ನಮಗೆ ಕಲಿಸಿದ್ದರು. "ಪಚನಕ್ಕ ಚಲೋರಿ" ಎಂದೆ. ಹಿರಿಯರು, ತಮಗೆ ವಾಯುವಿನ ತೊಂದರೆ ಇದೆಯೆಂದು ನಾಲ್ಕು ದಂಟು ಕೇಳಿದರು. ಹಿಂದಿನ ಸೀಟಿನವಳು ಅತ್ತೆಯ ಮೊಣಕಾಲಿಗೆ ಬೇಕೆಂದಳು. ಮೊಣಕಾಲಿಗೂ ಪಚನಕ್ಕೂ ಸಂಬಂಧವಿಲ್ಲ ಎನ್ನುವಷ್ಟರಲ್ಲಿ ಆಕೆ ಕಿತ್ತುಕೊಂಡಾಗಿತ್ತು. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ತನ್ನ ಮಗುವಿನ ಕೆಮ್ಮಿನ ಕಥೆ ಹೇಳಿದ. ಹಳಿಯಾಳ ಮುಟ್ಟುವಷ್ಟರಲ್ಲಿ ಅರ್ಧ ಬಸ್ಸು ಸೆಲರಿ ಅಗಿಯುತ್ತಿತ್ತು. ನನ್ನ ಡಬ್ಬಿಯಲ್ಲಿ ಒಂದು ಹಿಡಿ ಉಳಿದಿತ್ತು.

"ದಾಂಡೇಲಿ ತನಕಾ ಬಾಯಿ ಮುಚಗೊಂಡ ಕೂಡು" ಎಂದರು ನನ್ನವರು. ಕೂತೆ.

ಮನೆಯಲ್ಲಿ ಅತ್ತೆ ಊಟಕ್ಕೆ ಬಡಿಸಿದರು. ರೊಟ್ಟಿಯ ಜೊತೆ ಕಪ್ಪು ಹಸಿರಿನ ಪಲ್ಲೆಯೊಂದಿತ್ತು.

"ಆ ಎಲಿ ಹಳದಿ ಆಗಾಕ ಹತ್ತಿದ್ವು. ಸುಮ್ನ ಯಾಕ ಹಾಳ ಮಾಡೂದು ಅಂತ ಬ್ಯಾಳಿ ಹಾಕಿ ಪಲ್ಲೆ ಮಾಡೀನಿ."

ಕಹಿಯಾಗಿತ್ತು. ಮೂವರೂ ಉಂಡೆವು.

ಶನಿವಾರ ಬೆಳಿಗ್ಗೆಯೇ ಕ್ಲಬ್ಬಿನ ಅಡುಗೆಮನೆಗೆ ಹೋದೆ. ಮೇಡಂ ಹೇಳಿ ಕಳಿಸಿದ್ದಂತೆ ನಾರು ತೆಗೆಯಲು ಶುರುಮಾಡಿದೆ. ಸಣ್ಣ ದಂಟಿನ ನಾರು ತೆಗೆದ ಮೇಲೆ ನನ್ನ ಕೈಯಲ್ಲಿ ದಂಟೇ ಉಳಿಯಲಿಲ್ಲ. ಇನ್ನೊಂದನ್ನು ತೆಗೆದೆ. ಅದೂ ಮಾಯವಾಯಿತು. ಹೀಗೇ ಹೋದರೆ ಅತಿಥಿಗಳಿಗೆ ನಾರನ್ನೇ ಬಡಿಸಬೇಕಾದೀತೆಂದು ಆ ಕೆಲಸ ಬಿಟ್ಟೆ. ಎತ್ತರದ ಗಾಜಿನ ಲೋಟಗಳಲ್ಲಿ ನಿಲ್ಲಿಸಲು ನೋಡಿದರೆ ಒಂದೂ ನಿಲ್ಲಲಿಲ್ಲ. ಬೇಸತ್ತ ಮಕ್ಕಳ ಹಾಗೆ ಒಂದರ ಮೇಲೊಂದು ಒರಗಿ ಅಂಚಿನಿಂದ ಹೊರಗೆ ಜೋತು ಬಿದ್ದವು. ಲೋಟ ಅಗಲ, ಸೆಲರಿ ಸ್ವಲ್ಪ. ನಡುವೆ ಏನಾದರೂ ತುರುಕಿ ಬಿಗಿ ಮಾಡಬೇಕು.

ಕಿಟಕಿಯ ಹೊರಗೆ ಕ್ಲಬ್ಬಿನ ತೋಟದಲ್ಲಿ ಚೆಂಡು ಹೂ ಅರಳಿ ನಿಂತಿತ್ತು. ಗಟ್ಟಿ ದೇಟು. ಮಾಲಿ ಆ ಕಡೆ ತಿರುಗಿದಾಗ ಒಂದು ಮಡಿಲು ಕಿತ್ತು ತಂದು ಸೆಲರಿಯ ನಡುನಡುವೆ ಸಿಗಿಸಿದೆ. ಸೆಲರಿ ನೆಟ್ಟಗೆ ನಿಂತಿತು. ಮೇಜಿನ ಉದ್ದಕ್ಕೂ ಲೋಟಗಳನ್ನು ಇಟ್ಟು, ಪಕ್ಕದಲ್ಲಿ ಉಪ್ಪಿನ ಬಟ್ಟಲು ಇಟ್ಟು, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೆ.

ಎಲ್ಲರೂ ಬಂದು ಕೂತರು. ಮ್ಯಾನೇಜರರು, ಬೆಳಗಾವಿಯಿಂದ ನೇರವಾಗಿ ಬಂದ ಮೇಡಂ, ವಿಭಾಗಗಳ ಅಧಿಕಾರಿಗಳು, ಅತಿಥಿಗಳು. ಮೇಡಂ ಅವರ ಒಂದು ಕೆನ್ನೆ ಊದಿತ್ತು. ಅವರ ಕಣ್ಣು ಮೇಜಿನ ಮೇಲೆ ಸೆಲರಿ ಹುಡುಕುತ್ತಿತ್ತು. ಎದುರಿಗೇ ಇದ್ದ ಲೋಟವನ್ನು ದಾಟಿ ಹುಡುಕುತ್ತಿತ್ತು. ವಿದೇಶದ ಹೆಂಗಸು ಮಾತ್ರ ಲೋಟವೊಂದನ್ನು ಹತ್ತಿರ ಎಳೆದುಕೊಂಡು, ತಿರುಗಿಸಿ ನೋಡಿ, ಪಕ್ಕದವರಿಗೆ ತೋರಿಸಿ ಏನೋ ಹೊಗಳಿದರು.

ಆಗ ಬಾಳೆಹಣ್ಣಿನ ಮೇಲಿದ್ದ ಆ ಹಿರಿಯ ಎಂಜಿನಿಯರರ ಮೂಗು ಅರಳಿತು. ಅವರು ಕೈ ಚಾಚಿ ಲೋಟದಿಂದ ಒಂದು ಹಸಿರು ದಂಟು ಎಳೆದು, ಉಪ್ಪಿಗೆ ಅದ್ದಿ, ಕಟಕ್ಕನೆ ಕಡಿದರು.

ಉಳಿದವರ ಕಣ್ಣಿಗೆ ಆ ಲೋಟಗಳು ಹೂದಾನಿಗಳು. ಅತಿಥಿ ಹೂದಾನಿ ತಿನ್ನುತ್ತಿದ್ದಾರೆ. ಅಧಿಕಾರಿಗಳು ಮ್ಯಾನೇಜರರ ಮುಖ ನೋಡಿದರು. ಮ್ಯಾನೇಜರರು ಹೆಂಡತಿಯ ಮುಖ ನೋಡಿದರು. ಮೇಡಂ ಛಾವಣಿಯ ಫ್ಯಾನ್ ನೋಡಿದರು. ಮ್ಯಾನೇಜರರು ಸಭ್ಯ ಮನುಷ್ಯ. ಮನೆಗೆ ಬಂದವರಿಗೆ ಮುಜುಗರವಾಗಬಾರದು. ಅವರು ನಿಧಾನವಾಗಿ ಕೈ ಚಾಚಿ, ತಮ್ಮ ಕೈಗೆ ಸಿಕ್ಕಿದ್ದನ್ನು ಎಳೆದರು. ಚೆಂಡು ಹೂ ಸಿಕ್ಕಿತು. ಒಂದು ಗಳಿಗೆ ಅದನ್ನು ನೋಡಿ, ಉಪ್ಪಿಗೆ ಅದ್ದಿ, ಬಾಯಿಗೆ ಹಾಕಿಕೊಂಡರು.

ಮ್ಯಾನೇಜರರು ತಿಂದ ಮೇಲೆ ಅಧಿಕಾರಿಗಳು ಬಿಡುವುದುಂಟೆ? ಒಬ್ಬೊಬ್ಬರೂ ಒಂದೊಂದು ಎಳೆದರು. ಲೆಕ್ಕಪತ್ರದ ಸಾಹೇಬರಿಗೆ ಎಲೆ ಬಂತು, ಲೇಬರ್ ಆಫೀಸರರಿಗೆ ದೊಡ್ಡ ಹೂವೇ ಬಂತು. ಎಲ್ಲರೂ ಗಂಭೀರವಾಗಿ ಅಗಿದರು. ಇದನ್ನು ನೋಡಿದ ಹಿರಿಯ ಎಂಜಿನಿಯರರು ಅರ್ಧ ತಿಂದ ದಂಟನ್ನು ಕೆಳಗಿಟ್ಟರು. ಊಟಕ್ಕೆ ಮುಂಚೆ ಹೂ ತಿನ್ನುವುದು ಈ ನಾಡಿನ ಪದ್ಧತಿ ಇರಬೇಕು, ತಾವು ತಪ್ಪಾದದ್ದನ್ನು ತಿಂದೆವು ಎಂದು ಅವರಿಗೆ ಅನಿಸಿತೆಂದು ತೋರುತ್ತದೆ. ತಲೆಬಾಗಿ ವಿನಯದಿಂದ ಒಂದು ಚೆಂಡು ಹೂ ತೆಗೆದುಕೊಂಡು ಅದನ್ನೂ ಪೂರ್ತಿ ತಿಂದರು. ನಾನು ಬಾಗಿಲ ಸಂದಿ ಮುಚ್ಚಿ, ಕ್ಲಬ್ಬಿನ ಅಡುಗೆಯವನ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಊಟ ಮುಗಿದ ಮೇಲೆ ಮೇಡಂ ಅಡುಗೆಮನೆಗೆ ಬಂದರು. ಕೆನ್ನೆಗೆ ಕೈ ಹಿಡಿದುಕೊಂಡಿದ್ದರು.

"ಶಕುಂತಲಾ, ನನ್ನ ತಮ್ಮ ಕಳಸಿದ ಸೆಲರಿ ಎಲ್ಲೈತಿ?"

"ಎಮ್ಮಿ ತಿಂತ್ರಿ, ಮೇಡಂ."

"ಯಾವ ಎಮ್ಮಿ?"

"ನಮ್ಮ ಮಗ್ಗಲ ಮನೀದು." ಅಲ್ಲಿಂದ ಶುರುಮಾಡಿ ತಾಮ್ರದ ಕೊಡ, ಮುಂಡಗೋಡದ ಅಜ್ಜಿ, ಬಸ್ಸಿನ ಮೊಣಕಾಲು ಎಲ್ಲವನ್ನೂ ಹೇಳಿದೆ. ಅವರು ನಗಲು ಹೋದರು, ಹಲ್ಲು ನೋಯಿತು, ನಿಲ್ಲಿಸಿದರು.

"ಆತು ಬಿಡ್ರಿ. ಅವರು ಆ ಸಣ್ಣ ದಂಟು ಇನ್ನೂ ಬೇಕು ಅಂತ ಕೇಳಾಕ ಹತ್ಯಾರ. ಅವರ ಮಿಸೆಸ್ಸಿಗೆ ನಿಮ್ಮ ಹೂವಿನ ಅಲಂಕಾರ ಭಾಳ ಮನಸಿಗೆ ಬಂದೈತಿ, ಯಾರ ಮಾಡಿದ್ರು ಅಂತ ಎರಡ ಸಲ ಕೇಳಿದ್ರು. ನೋಡ್ರಿ, ಅಡಿಗಿ ಕ್ಲಾಸು ನಿಮಗ ಬ್ಯಾಡ. ಅದಕ್ಕ ಬ್ಯಾರೆ ಯಾರನರ ನೋಡತೇನಿ. ನೀವು ಹೂವಿನ ಅಲಂಕಾರ ಕಲಸ್ರಿ. ಸೋಮವಾರದಿಂದ ಬರ್ರಿ."

ಮನೆಗೆ ಬಂದು ಹೇಳಿದೆ. ನನ್ನವರು ಸಂತೋಷಪಡಬೇಕೋ ಬೇಡವೋ ತಿಳಿಯದೆ ಅಂಗಿಯ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದರು. "ನಿಮ್ಮಪ್ಪಗ ಏನಂತ ಹೇಳೂದು?" ಎಂದರು. "ಟೀಚರ್ ಅಂತ ಹೇಳ್ರಿ. ಏನ ಕಲಸ್ತಾಳ ಅಂತ ಹೇಳಬ್ಯಾಡ್ರಿ" ಎಂದೆ.

ಅತ್ತೆ ಮಾತ್ರ ಹೊಸ್ತಿಲಲ್ಲಿ ಕೂತು ಕೇಳಿದರು.

"ಅಲ್ಲ ಶಕುಂತಲಾ, ಹೂವು ದೇವರಿಗೆ ಏರಸೂದು, ಇಲ್ಲಾ ತಲಿಗೆ ಮುಡಿಯೂದು. ಅದರಾಗ ಕಲಸೂದು ಏನೈತಿ?"

ನನಗೂ ಗೊತ್ತಾಗಲಿಲ್ಲ. ಸೋಮವಾರದಿಂದ ಪಾಠ ಶುರುಮಾಡಿದೆ.